ಗೋವಾದ ಸೌತೆಕಾಯಿ ಹಬ್ಬಕ್ಕೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಮಳೆಗಾಲದಲ್ಲಿ ಕ್ಯಾಮೆರಾ ತಗೊಂಡು ಗೋವಾಕ್ಕೆ ಹೊರಟವರು ಹುಬ್ಬಳ್ಳಿಯಿಂದ ರಾತ್ರಿಯ ಖಾಸಗಿ ಸ್ಲೀಪರ್ ಬಸ್ ಹತ್ತಬೇಡಿ. ನಾನು ಹತ್ತಿದ ಬಸ್ಸಿನಲ್ಲಿ ತಲೆ ಮೇಲಿನ ಎಸಿ ಕಿಂಡಿಯಿಂದ ರಾತ್ರಿಯಿಡೀ ನೀರು ತೊಟ್ಟಿಕ್ಕುತ್ತಿತ್ತು. ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು ಕೂತೇ ಬೆಳಗು ಮಾಡಿದೆ. ಅದೂ ಸಾಲದು ಅಂತ, ಟಿಕೆಟ್‌ನಲ್ಲಿ ಪಣಜಿ ಅಂತ ಇದ್ದರೂ ಇನ್ನೂ ಕತ್ತಲಿರುವಾಗ ಫೋಂಡಾದಲ್ಲಿ ಇಳಿಸಿ, ಗಾಡಿ ಮಡಗಾಂವ್ ಕಡೆ ಹೋಗುತ್ತದೆ, ಇಲ್ಲಿಂದ ಪಣಜಿಗೆ ಬೇಕಾದಷ್ಟು ಬಸ್ ಇವೆ ಅಂದರು. ದುಡ್ಡು ವಾಪಸ್ ಕೇಳಿದರೆ ಒಂದು ಫೋನ್ ನಂಬರು ಕೊಟ್ಟರು, ಅದನ್ನು ಯಾರೂ ಎತ್ತುವುದಿಲ್ಲ. ವಾಪಸ್ ಬರುವಾಗ ಹಗಲಿನ ಸರ್ಕಾರಿ ಬಸ್ಸಿಗೆ ಬಂದೆ. ಸೀಟು ಗಟ್ಟಿ, ಘಾಟಿನಲ್ಲಿ ಗುಂಡಿ ಜಾಸ್ತಿ, ಆದರೆ ಹೇಳಿದ ಊರಲ್ಲೇ ಇಳಿಸುತ್ತಾರೆ.

ಸೌತೆಕಾಯಿ ಹಬ್ಬಕ್ಕೆ ಹೋಗಬೇಕಾದ್ದು ತಳಾವಲಿಯ ಸಂತ ಆನಾ ಚರ್ಚಿಗೆ. ಸಾಂತಾನಾ ಅಂದರೂ ಗೊತ್ತಾಗುತ್ತದೆ. 1695ರ ಹೊತ್ತಿಗೆ ಕಟ್ಟಿ ಮುಗಿದ ದೊಡ್ಡ ಬಿಳಿ ಚರ್ಚು, ಸುತ್ತ ಗದ್ದೆ. ಸಂತ ಆನಾ ಹಬ್ಬ ಜುಲೈ 26ಕ್ಕೆ, ಜನ ಸೇರುವುದು ಅದರ ಆಸುಪಾಸಿನ ಭಾನುವಾರ. ಆ ವರ್ಷ ಯಾವ ದಿನ ಅಂತ ಚರ್ಚಿಗೇ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಆದರೆ ದಾರಿ ಕೇಳುವಾಗ ಹುಷಾರು. ಫೋಂಡಾ ಕಡೆಯೂ ಒಂದು ತಳಾವಲಿ ಇದೆ. ನಮ್ಮದು ಗೋವಾ ವೆಲ್ಹಾ ಹತ್ತಿರದ್ದು, ಪಣಜಿಯಿಂದ ಮಡಗಾಂವ್‌ಗೆ ಹೋಗುವ ಹೆದ್ದಾರಿಯಿಂದ ಒಳಗೆ. ವೆಲ್ಹಾ ಅಂದರೂ ಹಳೆಯದು ಅಂತಲೇ ಅರ್ಥ, ಆದರೆ ಎಲ್ಲರೂ ನೋಡುವ ಓಲ್ಡ್ ಗೋವಾ ಬೇರೆ, ಅದು ಫೋಂಡಾ ರಸ್ತೆಯಲ್ಲಿದೆ. ಟ್ಯಾಕ್ಸಿಯವನಿಗೆ ಮ್ಯಾಪಿನಲ್ಲಿ ಜಾಗ ತೋರಿಸಿದ್ದೆ, ತಲೆ ಆಡಿಸಿದ್ದ. ಆದರೂ ತಂದು ನಿಲ್ಲಿಸಿದ್ದು ಓಲ್ಡ್ ಗೋವಾದ ಬಾಸಿಲಿಕಾ ಮುಂದೆ. ಇಲ್ಲಿಂದ ಅಲ್ಲಿಗೆ ಬೇರೆ ಬಾಡಿಗೆ ಅಂದ. ಅದಕ್ಕಿಂತ ಪಣಜಿ ಸ್ಟ್ಯಾಂಡಿನಲ್ಲಿ ಮಡಗಾಂವ್ ಕಡೆಯ ಲೋಕಲ್ ಬಸ್ ಹತ್ತಿ ಗೋವಾ ವೆಲ್ಹಾದಲ್ಲಿ ಇಳಿಯಿರಿ. ಕದಂಬದ, ಅಂದರೆ ಗೋವಾ ಸರ್ಕಾರಿ ಬಸ್ಸಿನ ನಾನ್‌ಸ್ಟಾಪ್ ಬೇಡ, ಅದು ನಡುವೆ ನಿಲ್ಲುವುದಿಲ್ಲ. ಅಲ್ಲಿಂದ ಒಳಗೆ ಪೈಲಟ್, ಅಂದರೆ ಬಾಡಿಗೆ ಬೈಕಿನವರು ಸಿಕ್ಕರೆ ದರ ಮೊದಲೇ ಮಾತಾಡಿಕೊಂಡು ಹತ್ತಿ.

ಬೆಳಗಿನ ತಿಂಡಿ ಮಾತ್ರ ಪಣಜಿಯಲ್ಲೇ ಮುಗಿಸಿ. ಮಾರ್ಕೆಟ್ ಹತ್ತಿರದ ಒಂದು ಸಣ್ಣ ಹೋಟೆಲಿಗೆ ನಾನು ದಿನಾ ಹೋದೆ. ಮೇಜು ಹಂಚಿಕೊಂಡೇ ಕೂರಬೇಕು. ಪಾತಳ್ ಭಾಜಿ ಅಂತ ಕೊಡುತ್ತಾರೆ. ಒಣ ಬಟಾಣಿ ಚೆನ್ನಾಗಿ ಬೆಂದು, ತೆಂಗಿನಕಾಯಿ ಮಸಾಲೆಯಲ್ಲಿ ತೆಳ್ಳಗೆ ಕುದಿದಿರುತ್ತದೆ, ಖಾರ ಗಂಟಲಲ್ಲಿ ನಿಧಾನಕ್ಕೆ ಏರುತ್ತದೆ. ಜೊತೆಗೆ ಪಾವ್, ಆಗಷ್ಟೇ ಬೇಕರಿಯಿಂದ ಬಂದದ್ದು, ಮುರಿದರೆ ಒಳಗಿಂದ ಹಬೆ ಬರುತ್ತದೆ. ಒಂದು ಮೆಣಸಿನಕಾಯಿ ಬಜ್ಜಿ, ಗ್ಲಾಸಿನಲ್ಲಿ ಗಟ್ಟಿ ಚಹಾ. ಬಡಿಸುವ ಹುಡುಗ ಯಲ್ಲಾಪುರದ ಕಡೆಯವನು, ನನ್ನ ಕನ್ನಡ ಕಿವಿಗೆ ಬಿದ್ದದ್ದೇ ತಡ, ನಾನು ಕೇಳದೆಯೇ ಇನ್ನೊಂದು ಸೌಟು ಭಾಜಿ ಹಾಕಿದ. ಪಕ್ಕದ ಮೇಜಿನಲ್ಲಿ ಮೀನು ಮಾರಿ ಬಂದ ಹೆಂಗಸರು, ಕೋರ್ಟಿನ ಗುಮಾಸ್ತರು, ಎಲ್ಲರೂ ಅದೇ ತಟ್ಟೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ತೃಪ್ತಿ ಗೋವಾದಲ್ಲಿ ನನಗೆ ಇನ್ನೆಲ್ಲೂ ಸಿಗಲಿಲ್ಲ. ಅಲ್ಲೇ ಕೂತು ಗಮನಿಸಿ: ಜನ ಬಾಯಿ ತೆರೆದ ಕ್ಷಣ ಎಂಥವರ ಮುಖವೂ ಫೋಟೋದಲ್ಲಿ ಕೆಡುತ್ತದೆ. ತುತ್ತು ಕೈಯಲ್ಲಿದ್ದಾಗ, ಅಥವಾ ನುಂಗಿದ ಮೇಲೆ ಕಣ್ಣು ಅರ್ಧ ಮುಚ್ಚುತ್ತದಲ್ವಾ, ಆಗ ಒತ್ತಿ. ತಿನ್ನುವಾಗ ತೆಗೆದ ಫೋಟೋ ಆ ಮನುಷ್ಯನಿಗೇ ತೋರಿಸಲು ನಿಮಗೆ ನಾಚಿಕೆ ಆಗುವುದಾದರೆ ಅದನ್ನು ಇಟ್ಟುಕೊಳ್ಳಬೇಡಿ.

ಇನ್ನು ಹಬ್ಬ. ಸಂತ ಆನಾ ಯೇಸುವಿನ ಅಜ್ಜಿ, ಮೇರಿಯ ತಾಯಿ, ವಯಸ್ಸಾದ ಮೇಲೆ ಮಗುವಾಯಿತು ಅಂತ ನಂಬಿಕೆ. ಹಾಗಾಗಿ ಮಕ್ಕಳಿಲ್ಲದವರು ಅವಳಿಗೆ ಸೌತೆಕಾಯಿ ಅರ್ಪಿಸಿ ಮಗು ಬೇಡುತ್ತಾರೆ. ಹಿಂದೂಗಳೂ ಬರುತ್ತಾರೆ. ಹೆಂಡತಿ ಬೇಕೆನ್ನುವ ಹುಡುಗ ಚಮಚ ಕೊಡುವುದು, ಗಂಡ ಬೇಕೆನ್ನುವ ಹುಡುಗಿ ಉದ್ದು ಕೊಡುವುದು ಕೂಡ ಇಲ್ಲಿಯ ಪದ್ಧತಿ. ಅಂದರೆ ಕೈಯಲ್ಲಿ ಏನಿದೆ ಅಂತ ನೋಡಿದರೆ ಸಾಕು, ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗಿಬಿಡುತ್ತದೆ. ಎಷ್ಟೋ ಫೋಟೋಗ್ರಾಫರುಗಳು ಇದಕ್ಕೇ ಬರುತ್ತಾರೆ. ಒಬ್ಬ ಉದ್ದ ಲೆನ್ಸ್ ಹಾಕಿಕೊಂಡು, ಸೌತೆಕಾಯಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸಿನ ಮುಖವನ್ನು ದೂರದಿಂದ ತೆಗೆಯುತ್ತಿದ್ದ. ನನಗೆ ಸಿಟ್ಟು ಬಂತು, ಹೋಗಿ ಹೇಳಿಯೂ ಹೇಳಿದೆ. ಆ ಹೆಂಗಸಿಗೆ ಮಕ್ಕಳಿಲ್ಲ ಅಂತ ಅವಳ ಬೀದಿಯವರಿಗೆ ಇವನು ಯಾಕೆ ಹೇಳಬೇಕು? ಚರ್ಚಿನ ಒಳಗೆ, ಪೂಜೆಯ ಹೊತ್ತಿಗೆ, ಅರ್ಪಿಸುವ ಜಾಗದಲ್ಲಿ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಹೊರಗಿನ ಜಾತ್ರೆಯೇ ಬೇಕಾದಷ್ಟಿದೆ. ಸೌತೆಕಾಯಿ ರಾಶಿ ಹಾಕಿದ ಅಜ್ಜಿಯರು, ಬೆಲ್ಲ ಶುಂಠಿ ಮೆತ್ತಿದ ಖಾಜೆ ಮಾರುವವರು, ಲಾಡು, ಹುರಿದ ಕಡಲೆ. ಒಂದೇ ಅಂಗಡಿ ಹಿಡಿಯಿರಿ. ಮೊದಲು ಏನಾದರೂ ಕೊಂಡು ತಿನ್ನಿ, ಮಾತಾಡಿ, ಆಮೇಲೆ ಅಲ್ಲೇ ಪಕ್ಕಕ್ಕೆ ನಿಲ್ಲಿ. ಸ್ವಲ್ಪ ಹೊತ್ತು ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ಆಮೇಲೆ ಗಿರಾಕಿ ಜಾಸ್ತಿಯಾದಂತೆ ನಿಮ್ಮನ್ನು ಮರೆಯುತ್ತಾರೆ. ಸಹಜ ಮುಖ ಸಿಗುವುದು ಆಗ. ಸುಮ್ನೆ ಓಡಾಡುತ್ತಾ ತೆಗೆದರೆ ಎಲ್ಲರೂ ಬೆಚ್ಚಿಬಿದ್ದ ಹಾಗೇ ಬರುತ್ತಾರೆ. 35 ಎಂಎಂ ಲೆನ್ಸ್ ಒಂದು ಸಾಕು. ಮಗುವಿನ ಫೋಟೋ ಆದರೆ ಅಪ್ಪ ಅಮ್ಮನನ್ನು ಕೇಳದೆ ಬೇಡವೇ ಬೇಡ.

ಶೇಂಗಾ ಮಾರುತ್ತಿದ್ದ ಒಬ್ಬ ಅಕ್ಕ ಬಾದಾಮಿ ಕಡೆಯವರು. ಗೋವಾದ ಜಾತ್ರೆಗಳಲ್ಲಿ ನಮ್ಮ ಉತ್ತರ ಕರ್ನಾಟಕದವರು ಸಿಕ್ಕೇ ಸಿಗುತ್ತಾರೆ. ಕನ್ನಡ ಕೇಳಿ ಖುಷಿಯಾಗಿ ಒಂದು ಹಿಡಿ ಹೆಚ್ಚಿಗೆ ಹಾಕಿದರು. ಕ್ಯಾಮೆರಾ ಎತ್ತಿದ ಕೂಡಲೇ, "ತಮ್ಮಾ, ನನ್ ಮಾರಿ ಬ್ಯಾಡ. ಫೋನಿನ್ಯಾಗ ಹಾಕ್ತೀರಿ, ಊರಾಗಿನ ಮಂದಿ ನೋಡ್ತಾರ. ಬೇಕಾದ್ರ ಕೈ ಹೊಡ್ಕೊ" ಅಂದರು. ಕೈಯನ್ನೇ ತೆಗೆದೆ. ಹಳೇ ಪೇಪರಿನ ತುಂಡು, ಬೆರಳಲ್ಲಿ ಒಂದು ಸುತ್ತು, ತುದಿಗೆ ಒಂದು ತಿರುವು, ಪೊಟ್ಟಣ ಸಿದ್ಧ. ಉಗುರಿನ ಸಂದಿಯಲ್ಲಿ ಉಪ್ಪು, ಒದ್ದೆ ಹಸಿರು ಬಳೆ. ಆ ಪ್ರವಾಸದಲ್ಲಿ ನಾನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದು ಆ ಒಂದು ಫೋಟೋ. ಬೇಡ ಅಂದವರೊಂದಿಗೆ ವಾದ ಮಾಡಬೇಡಿ. ತೆಗೆದಾದ ಮೇಲೆ ಬೇಡ ಅಂದರೆ ಅವರ ಕಣ್ಣೆದುರೇ ಅಳಿಸಿ.

ಬೆಳಕಿನ ಬಗ್ಗೆ ಒಂದು ಮಾತು. ಅಂಗಡಿಗಳ ಮೇಲೆ ನೀಲಿ ತಾಡಪಾಲು ಕಟ್ಟಿರುತ್ತಾರೆ, ಅದರ ಕೆಳಗೆ ಎಲ್ಲರ ಮುಖವೂ ನೀಲಿ, ಖಾಜೆಯೂ ನೀಲಿ. ಬಣ್ಣ ಆಮೇಲೆ ತಿದ್ದಲು ಬರುವ ರಾ ಫೈಲಿನಲ್ಲಿ ತೆಗೆದರೂ ಪೂರ್ತಿ ಸರಿಯಾಗುವುದಿಲ್ಲ. ಗಿರಾಕಿ ಬಗ್ಗಿ ತಾಡಪಾಲಿನ ಅಂಚಿಗೆ ಬಂದಾಗ ಮೋಡದ ಬೆಳಕು ಮುಖಕ್ಕೆ ಬೀಳುತ್ತದೆ, ಅಲ್ಲಿಗೆ ಕಾಯಿರಿ. ಎಸಿ ರೂಮಿನಿಂದ ಹೊರಬಂದರೆ ಲೆನ್ಸ್ ಮಂಜಾಗುತ್ತದೆ, ಹಾಗಾಗಿ ಫ್ಯಾನ್ ರೂಮೇ ಒಳ್ಳೆಯದು. ಎಸಿಗೆ ಅಂತ ದುಬಾರಿ ಕೊಟ್ಟ ನನ್ನ ರೂಮಿನ ಗೋಡೆಯಲ್ಲಿ ಬೂಷ್ಟು ಬೇರೆ. ಮಳೆಗೆ ಪಾಲಿಥೀನ್ ಚೀಲ, ರಬ್ಬರ್ ಬ್ಯಾಂಡ್ ಸಾಕು.

ಗದ್ದಲ ಆಗದವರಿಗೆ ಈ ಹಬ್ಬವೇ ಸರಿ. ಆಗಸ್ಟ್ ನಾಲ್ಕನೇ ಶನಿವಾರ ದಿವಾರ್ ದ್ವೀಪದಲ್ಲಿ ಬೊಂಡೆರಾಂ, ಅಂದರೆ ಬಾವುಟದ ಹಬ್ಬ ಇದೆ, ಆದರೆ ಅಲ್ಲಿ ಜನ ಕ್ಯಾಮೆರಾಕ್ಕೆ ಅಂತಲೇ ಪೋಸು ಕೊಡುತ್ತಾರೆ, ಫೆರಿಗೂ ನೂಕುನುಗ್ಗಲು. ಅದಕ್ಕಿಂತ ಆಗಸ್ಟ್ 15ರ ಮೇರಿ ಮಾತೆಯ ಹಬ್ಬಕ್ಕೆ ಹೋದರೆ ಮನೆಮನೆಯಲ್ಲಿ ಪಾತೊಳಿ, ಅಂದರೆ ಅರಿಶಿನ ಎಲೆಯ ಸಿಹಿ ಕಡುಬು ಬೇಯಿಸುತ್ತಿರುತ್ತಾರೆ, ನಮ್ಮ ಕರಾವಳಿಯವರಿಗೆ ಅದು ಪರಿಚಯದ್ದೇ. ಪರಿಚಯದವರ ಮನೆ ಇದ್ದರೆ ಅಡುಗೆಮನೆಗೇ ಕರೆಯುತ್ತಾರೆ. ತಳಾವಲಿಯಿಂದ ಮಾತ್ರ ಕತ್ತಲಾಗುವ ಮುಂಚೆ ಹೊರಡಿ. ಸಂಜೆಯಾದ ಮೇಲೆ ಒಳರಸ್ತೆಯಲ್ಲಿ ಬಸ್ಸೂ ಇಲ್ಲ, ಪೈಲಟ್ಟೂ ಇಲ್ಲ, ಸಿಕ್ಕ ಟ್ಯಾಕ್ಸಿ ಕೇಳಿದಷ್ಟು ಕೊಡಬೇಕಾಗುತ್ತದೆ.