ಜಿನ್ನಿಗೆ ಪುದೀನ, ಕೋಲಾರದ ಮನೇಲಿ

ಸಂಜೆ ಹೊತ್ತು ಕೋಲಾರದಲ್ಲಿ ಪುದೀನ ಕಟ್ಟು ತಗೊಂಡ್ರೆ ಸೊಪ್ಪಿನಜ್ಜಿ ಕೇಳೋದು ಒಂದೇ, "ಏನಪ್ಪಾ, ಪಲಾವಾ?" ಹೂಂ ಅಂದ್ಕೊಂಡು ಬಂದ್ಬಿಡ್ತೀನಿ, "ಜಿನ್ನಿಗೆ, ಅಜ್ಜಿ" ಅಂತ ಹೇಳೋಕಾಗುತ್ತಾ.

ಜಿನ್, ನಿಂಬೆರಸ, ಸಕ್ಕರೆ ಪಾಕ, ಪುದೀನ, ಇಷ್ಟೇ ಸಾಮಾನು. ಈ ಕಾಕ್‌ಟೇಲ್ ಹೆಸರು ಸೌತ್‌ಸೈಡ್. ಷಿಕಾಗೋದವರು ನಮ್ದು ಅಂತಾರೆ, ನ್ಯೂಯಾರ್ಕ್ ಕಡೆಯವರು ನಮ್ದು ಅಂತಾರೆ, ಅದು ಅವರವರ ಜಗಳ.

ರೆಸಿಪಿಗಳಲ್ಲಿ ಸಾಮಾನ್ಯವಾಗಿ 60 ಎಂಎಲ್ ಜಿನ್ನಿಗೆ 30 ಎಂಎಲ್ ನಿಂಬೆರಸ ಅಂತ ಬರೆದಿರ್ತಾರೆ, ಆದ್ರೆ ಎಷ್ಟೋ ಕಡೆ ಅವರು ಹೇಳೋದು ದಪ್ಪ ಸಿಪ್ಪೆಯ ದೊಡ್ಡ ಹಳದಿ ಲೆಮನ್, ನಮ್ಮ ಪುಟ್ಟ ನಿಂಬೆಹಣ್ಣಿನ ಘಾಟೇ ಬೇರೆ, ಅಷ್ಟು ಹಿಂಡಿದ್ರೆ ಜಿನ್ನೂ ಇಲ್ಲ ಪುದೀನಾನೂ ಇಲ್ಲ ಬರೀ ಹುಳಿ. ನಾನು 20 ಎಂಎಲ್ ರಸ, 20 ಎಂಎಲ್ ಪಾಕ ಹಾಕ್ತೀನಿ. ಪಾಕ ಅಂದ್ರೆ ಜಾಮೂನಿನ ಥರ ಎಳೆ ಬರೋದು ಬೇಡ, ಸಕ್ಕರೆ ನೀರು ಸಮಸಮ, ಕರಗಿದ ತಕ್ಷಣ ಇಳಿಸಿ ಆರಿಸಿ.

ಈಗ ಪುದೀನ. ದಯವಿಟ್ಟು ಕುಟ್ಟಬೇಡಿ, ಮಿಕ್ಸಿಗಂತೂ ಹಾಕ್ಲೇಬೇಡಿ, ಚಟ್ನಿ ಅಲ್ಲ ಇದು! ಘಮ ಇರೋ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇರುತ್ತೆ, ಸ್ವಲ್ಪ ಒತ್ತಿದ್ರೆ ಸಾಕು, ಜಾಸ್ತಿ ಅರೆದ್ರೆ ಎಲೆ ಒಳಗಿನ ಹಸಿ ಕಹಿ ಎಲ್ಲಾ ಬಿಟ್ಕೊಳ್ಳುತ್ತೆ. ಕಡ್ಡಿ ತೆಗೆದು ಎಂಟ್ಹತ್ತು ಎಲೆ ಅಂಗೈ ಮೇಲಿಟ್ಟು ಒಂದು ಚಪ್ಪಾಳೆ ಹೊಡೆದು ಹಾಗೇ ಶೇಕರ್‌ಗೆ, ಅಂದ್ರೆ ಕುಲುಕೋ ಡಬ್ಬಿಗೆ ಹಾಕಿ, ಜಿನ್, ರಸ, ಪಾಕಾನೂ ಅದಕ್ಕೇ, ಮಿಕ್ಕ ಕೆಲಸ ಐಸ್ ಮಾಡುತ್ತೆ. ಶೇಕರ್ ಇಲ್ದಿದ್ರೆ ಅಗಲ ಬಾಯಿಯ ಸ್ಟೀಲ್ ಬಾಟಲ್ ನಡೆಯುತ್ತೆ, ಐಸ್ ಮಾತ್ರ ದೊಡ್ಡ ತುಂಡು, ಕೈ ತುಂಬಾ. ಹದಿನೈದು ಸೆಕೆಂಡ್ ಜೋರಾಗಿ ಕುಲುಕಿದ್ರೆ ಬಾಟಲ್ ಹೊರಗೆ ಬೆಳ್ಳಗೆ ಮಂಜು ಕಟ್ಟಿ ಬೆರಳು ಜುಂ ಅನ್ನುತ್ತೆ, ಆಗ ನಿಲ್ಸಿ ಟೀ ಜಾಲರೀಲಿ ಸೋಸಿ, ಇಲ್ಲಾಂದ್ರೆ ಹಲ್ಲಲ್ಲಿ ಹಸಿರು.

ನೊರೆ ಬೇಕಾದವ್ರು ಒಂದು ಮೊಟ್ಟೆಯ ಬಿಳಿ ಹಾಕ್ಬಹುದು, ಮೊದಲು ಐಸ್ ಇಲ್ದೆ ಕುಲುಕಿ ಆಮೇಲೆ ಐಸ್ ಹಾಕಿ ಇನ್ನೊಂದ್ಸಲ. ಶನಿವಾರ ಮೊಟ್ಟೆ ಮುಟ್ಟದವ್ರು ಜಿನ್ ಮುಟ್ತಾರಾ ಅಂತ ಕೇಳ್ಬೇಡಿ, ನಮ್ಮ ಗುಂಪಲ್ಲೇ ಇದ್ದಾರೆ. ಅವರಿಗೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು, ಉಪ್ಪು ಹಾಕದೇ ಇರೋದು, ನೊರೆ ಚೆನ್ನಾಗೇ ಬರುತ್ತೆ. ಅಮ್ಮ ಅದನ್ನ ಸಾರಿಗೆ ಅಂತ ಎತ್ತಿಟ್ಟಿರ್ತಾರೆ, ಕೇಳಿ ತಗೊಳ್ಳಿ.

ಜಿನ್ ದುಬಾರಿದೇ ಆಗ್ಬೇಕಿಲ್ಲ, ಲಂಡನ್ ಡ್ರೈ ಥರದ್ದು, ಅಂದ್ರೆ ಸಿಹಿ ಇಲ್ಲದ ಜಿನ್, ಯಾವುದಾದ್ರೂ ಸರಿ, ಗೋವಾದಲ್ಲಿ ತಯಾರಾಗೋ ಗ್ರೇಟರ್ ದ್ಯಾನ್ ಅನ್ನೋ ಬ್ರ್ಯಾಂಡ್ ನನಗೆ ಸಾಕು. ಬೇಸಿಗೇಲಿ ಉದ್ದ ಲೋಟಕ್ಕೆ ಸೋಸಿ ಮೇಲೆ ಸೋಡಾ ಹಾಕಿದ್ರೆ ಸೌತ್‌ಸೈಡ್ ಫಿಝ್ ಆಗುತ್ತೆ, ನನಗೆ ಅದೇ ಇನ್ನೂ ಇಷ್ಟ. ಜೊತೆಗೆ ಹುರಿದ ಕಡ್ಲೇಕಾಯಿ ಇಟ್ಕೊಳ್ಳಿ, ಖಾರದ ಮಿಕ್ಸ್ಚರ್ ಬೇಡ, ಪುದೀನ ಗೊತ್ತೇ ಆಗಲ್ಲ.