ಮಣಿಕಟ್ಟಿನ ಮಾದರಿ: ಲೂನೇಟ್ ಕೊನೆಗೂ ಮಾತು ಕೇಳಿತು

ಮೂರು ವಾರ ಕಾಡಿದ ಲೂನೇಟ್ (ಮಣಿಕಟ್ಟಿನ ಅರ್ಧಚಂದ್ರದಂಥ ಮೂಳೆ) ನಿನ್ನೆ ರಾತ್ರಿ ನೆಟ್ಟಗೆ ನಿಂತಿತು! ಖುಷಿಗೆ ನಿದ್ದೆಯೇ ಬರಲಿಲ್ಲ.

ಮಣಿಕಟ್ಟಿನ ಎಂಟೂ ಮೂಳೆಗಳನ್ನು ಹಾಲೆಮರದಲ್ಲಿ ಎರಡು ಪಟ್ಟು ದೊಡ್ಡದಾಗಿ ಕೆತ್ತಿದ್ದೇನೆ. ಕೆತ್ತೋದು, ಉಜ್ಜೋದು ನಿಮಗೆಲ್ಲ ಗೊತ್ತಿದ್ದದ್ದೇ. ತಲೆನೋವು ಶುರುವಾದದ್ದು ಮೂಳೆಗೆ ಮೂಳೆ ಬಿಗಿಯುವ ಲಿಗಮೆಂಟ್ (ನಾರುಪಟ್ಟಿ) ಬದಲಿಗೆ ದಾರ ಕಟ್ಟುವಾಗ. ಕೈ ಬಗ್ಗಿಸಿ ಬಿಟ್ಟರೆ ಸಾಕು, ದೋಣಿಯಂಥ ಸ್ಕಾಫಾಯ್ಡ್ ಅಂಗೈ ಕಡೆ ಮುಗ್ಗರಿಸುತ್ತಿತ್ತು. ಪಕ್ಕದ ಲೂನೇಟ್ ಅದರ ಜೊತೆ ಬರದೆ, ಕಿರುಬೆರಳ ಕಡೆಯ ಮೂಳೆ ಟ್ರೈಕ್ವೆಟ್ರಮ್ ಬೆನ್ನು ಹಿಡಿದು ಹಿಂದಕ್ಕೆ ವಾಲುತ್ತಿತ್ತು. ಸ್ಕಾಫಾಯ್ಡ್, ಲೂನೇಟ್ ನಡುವೆ ಕಡ್ಲೆಬೀಜ ತೂರುವಷ್ಟು ಸಂದು.

ಮೊದಲು ದಾರದ ಮೇಲೇ ಅನುಮಾನ. ಒಂದು ಮಿ.ಮೀ. ಎಲಾಸ್ಟಿಕ್ ಕೇಳಿದರೆ ಅಂಗಡಿಯವರು ಹನ್ನೆರಡು ದಿನ ಕಾಯಿಸಿ ಎರಡು ಮಿ.ಮೀ.ದು ಕಳಿಸಿದ್ದರು. ತೂತಿಗೆ ತುದಿಯೂ ಇಳಿಯಲಿಲ್ಲ. ಬೇರೆ ತರಿಸಿ ಕಟ್ಟಿದರೂ ಅದೇ ಕತೆ.

ತಪ್ಪು ಇದ್ದದ್ದು ಕಟ್ಟಿದ ಜಾಗದಲ್ಲಿ. ಮುಂದೋಳಿನ ಕಡೆಯ ಸಾಲಿನಲ್ಲಿ ಬಟಾಣಿಯಂಥ ಪಿಸಿಫಾರ್ಮ್ ಬಿಟ್ಟರೆ ಬೇರೆ ಮೂಳೆಗಳನ್ನು ನೇರವಾಗಿ ಎಳೆಯುವ ಸ್ನಾಯುವೇ ಇಲ್ಲ. ಆಚೀಚೆಯವು ತಳ್ಳಿದ ಹಾಗೆ ಅವು ಹೊರಳಬೇಕು, ಅಷ್ಟೆ. ಅವನ್ನು ಜೊತೆಗಿಡುವುದು ಲಿಗಮೆಂಟ್‌ಗಳೇ. ಸ್ಕಾಫಾಯ್ಡ್–ಲೂನೇಟ್ ಲಿಗಮೆಂಟ್ ಇಂಗ್ಲಿಷಿನ ಸಿ ಅಕ್ಷರದಂತೆ ಸುತ್ತಿಕೊಂಡಿರುತ್ತದೆ. ಅದರ ದಪ್ಪ, ಗಟ್ಟಿ ಭಾಗ ಇರುವುದು ಕೈಯ ಹಿಂಬದಿಗೆ. ನಾನು ಅಲ್ಲಿ ಒಂದೆಳೆ ಹಾಕಿ, ಅಂಗೈ ಕಡೆ ಮೂರೆಳೆ ಬಿಗಿದಿದ್ದೆ! ಎಲ್ಲ ಬಿಚ್ಚಿ ಅದಲು ಬದಲು ಮಾಡಿದೆ. ಲೂನೇಟ್–ಟ್ರೈಕ್ವೆಟ್ರಮ್ ನಡುವೆ ಮಾತ್ರ ಉಲ್ಟಾ, ಅಲ್ಲಿ ಅಂಗೈ ಕಡೆಯದೇ ಗಟ್ಟಿ.

ಈಗ ಕೈಯನ್ನು ಹೆಬ್ಬೆರಳ ಕಡೆ ವಾಲಿಸಿದರೆ ಸ್ಕಾಫಾಯ್ಡ್ ಬಾಗುತ್ತದೆ, ಲೂನೇಟ್ ಅದರ ಜೊತೆಗೇ ಬಾಗುತ್ತದೆ. ಬೆರಳ ಕಡೆಯ ಸಾಲಿನ ಕ್ಯಾಪಿಟೇಟ್ ಮೂಳೆಯ ದುಂಡು ತಲೆ ಲೂನೇಟಿನ ಬಟ್ಟಲು ಬಿಟ್ಟು ಕದಲುವುದಿಲ್ಲ. ಕೈ ಊರಿ ಬಿದ್ದು ಆ ಲಿಗಮೆಂಟ್ ಹರಿದವರ ಎಕ್ಸ್‌ರೇಯಲ್ಲಿ ಕಾಣುವುದೂ ನನ್ನ ಮಾದರಿಯಲ್ಲಿದ್ದಂಥ ಸಂದೇ. ಮೂರು ವಾರ ನಾನು ನೋಡುತ್ತಿದ್ದದ್ದು ಪೆಟ್ಟಾದ ಕೈಯನ್ನು.

ಇದೇ ಗುಂಗಲ್ಲಿ ಮುಂದಿನ ಕೆಲಸವೂ ಗೊತ್ತಾಯ್ತು: ಪಾದದ ಕೀಲು. ಅಲ್ಲಿನ ಟೇಲಸ್ ಮೂಳೆಗೂ ಒಂದು ಸ್ನಾಯುವೂ ಅಂಟಿಲ್ಲ, ಗೊತ್ತಲ್ವಾ? ಒಳ್ಳೆ ಹಾಲೆಮರದ ತುಂಡೊಂದನ್ನು ಆಗಲೇ ಎತ್ತಿಟ್ಟಿದ್ದೇನೆ.

ಅದಕ್ಕೆ ಮೊದಲು ಅಲ್ನಾ (ಮುಂದೋಳಿನ ಕಿರುಬೆರಳ ಕಡೆಯ ಮೂಳೆ) ತುದಿಯ ಕೆಲಸ ಬಾಕಿ ಇದೆ. ಅಲ್ನಾ ಮಣಿಕಟ್ಟಿನ ಮೂಳೆಗಳಿಗೆ ನೇರವಾಗಿ ತಾಗುವುದಿಲ್ಲ, ನಡುವೆ ತ್ರಿಕೋನದ ಮೆತ್ತೆಯಂಥ ಕಾರ್ಟಿಲೇಜ್ ಇರುತ್ತದೆ. ಸದ್ಯಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಕೂರಿಸಿದ್ದೇನೆ, ಜಾಸ್ತಿ ಜಗ್ಗುತ್ತಿದೆ. ಇನ್ನೂ ಒಳ್ಳೆ ಸಾಮಾನು ಯಾರಿಗಾದರೂ ಗೊತ್ತಿದ್ದರೆ ಹೇಳಿ.