ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ

ಕಂಪ್ಯೂಟರಿಗೆ ಹೊಸ ರ್ಯಾಮ್ ಹಾಕಿಯೋ ಗ್ರಾಫಿಕ್ಸ್ ಕಾರ್ಡ್ ಬದಲಿಸಿಯೋ ಪವರ್ ಬಟನ್ ಒತ್ತಿದರೆ ಪರದೆ ಕಪ್ಪು. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಅನ್ನುವ ಅನುಮಾನ ಮೊದಲು ಬರುತ್ತದೆ. ಹಾಗಾಗುವುದು ಕಡಿಮೆ. ಕೈ ಹಾಕಿದಾಗ ಪಕ್ಕದಲ್ಲೇನೋ ಸಡಿಲವಾಗಿರುತ್ತದೆ, ಒಂದು ಕೇಬಲ್ ಮರೆತಿರುತ್ತದೆ, ಇಲ್ಲವೇ ಹಳೆಯ ಬಯೋಸ್‌ಗೆ (ಕಂಪ್ಯೂಟರನ್ನು ಎಬ್ಬಿಸುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಹೊಸ ಭಾಗದ ಪರಿಚಯವೇ ಇರುವುದಿಲ್ಲ.

ಯಾವುದನ್ನೇ ಮುಟ್ಟುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಹೋಗಲಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ತೂ ಹೋಗಲಿ.

ಫ್ಯಾನ್ ತಿರುಗಿದ ಮಾತ್ರಕ್ಕೆ ಪ್ರೊಸೆಸರಿಗೆ ಕರೆಂಟ್ ಬಂದಿದೆ ಎಂದಲ್ಲ. ಫ್ಯಾನಿಗೆ 24 ಪಿನ್ನಿನ ದೊಡ್ಡ ಕನೆಕ್ಟರ್ ಸಾಕು. ಪ್ರೊಸೆಸರಿಗೆ ಮದರ್‌ಬೋರ್ಡಿನ ಎಡಮೇಲ್ತುದಿಯಲ್ಲಿ 4 ಅಥವಾ 8 ಪಿನ್ನಿನ ಬೇರೆ ಕೇಬಲ್ ಇರುತ್ತದೆ. ದೊಡ್ಡ ಕೂಲರ್ ಕೂರಿಸುವಾಗ ಕಣ್ಣಿಗೆ ಬೀಳದೆ ಉಳಿಯುವುದು ಅದೇ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲನ್ನು ಅಲ್ಲಿ ತುರುಕಬೇಡಿ. ನೋಡಲು ಒಂದೇ ಥರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಬದಲಿಸಿದ್ದರೆ ಹಳೆಯದರ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಹಾಕಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ, ಕೆಲವೊಮ್ಮೆ ಮಾಡೆಲ್ಲಿಗೊಂದು ಥರ. ಒಂದೇ ಬಾರಿಗೆ ಎಲ್ಲ ಹಾರ್ಡ್‌ಡಿಸ್ಕ್ ಸುಟ್ಟುಹೋಗುವ ದಾರಿ ಇದು.

ಈಚಿನ ಬಹಳಷ್ಟು ಬೋರ್ಡ್‌ಗಳಲ್ಲಿ ಸಿಪಿಯು (ಪ್ರೊಸೆಸರ್), ಡಿರ್ಯಾಮ್ (ರ್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕಿನಿಂದ ಶುರುವಾಗುವುದು) ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಉರಿಯುತ್ತಾ ನಿಲ್ಲುತ್ತದೋ ಅಲ್ಲೇ ಕೆಲಸ ನಿಂತಿದೆ. ದೀಪವಿಲ್ಲದ ಬೋರ್ಡಾದರೆ ಪುಟ್ಟದೊಂದು ಸ್ಪೀಕರ್ ಸಿಕ್ಕಿಸಿ ಬೀಪ್ ಎಣಿಸಿ, ಅದರ ಅರ್ಥ ಮ್ಯಾನುಯಲ್ಲಿನಲ್ಲಿ ನೋಡಿ.

ಡಿರ್ಯಾಮ್ ದೀಪ ನಿಂತರೆ ಒಂದೇ ರ್ಯಾಮ್ ಉಳಿಸಿಕೊಂಡು, ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ ಹಾಕಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಜೋಡಿ ರ್ಯಾಮ್‌ಗೆ ಸಾಮಾನ್ಯವಾಗಿ ಎರಡು ಮತ್ತು ನಾಲ್ಕನೆಯ ಸ್ಲಾಟ್. ಒಂದೇ ಕಡೆ ಕ್ಲಿಪ್ ಇರುವ ಸ್ಲಾಟಿನಲ್ಲಿ ಕ್ಲಿಪ್ಪಿನ ಕಡೆ ಟಕ್ ಅಂದರೂ ಇನ್ನೊಂದು ತುದಿ ಅರ್ಧ ಮಿಲಿಮೀಟರ್ ಎದ್ದಿರಬಹುದು. ಎರಡೂ ತುದಿಯನ್ನು ಒತ್ತಿ ನೋಡಿ. ಬಂಗಾರದ ಪಟ್ಟಿಯನ್ನು ರಬ್ಬರಿನಿಂದ ಉಜ್ಜುವ ನಮ್ಮೂರಿನ ಮದ್ದು ಕೆಲಸ ಮಾಡುತ್ತದೆ, ಆದರೆ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಮೇಲು. ಡಿಡಿಆರ್5 ರ್ಯಾಮ್ ಇರುವ, ಎಎಂಡಿ ಪ್ರೊಸೆಸರಿನ ಎಎಂ5 ಬೋರ್ಡಾದರೆ ತಾಳ್ಮೆ ಬೇಕು: ರ್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಮೆಮೊರಿ ಟ್ರೈನಿಂಗ್‌ಗೆ (ಬೋರ್ಡು ಹೊಸ ರ್ಯಾಮಿಗೆ ಹೊಂದಿಕೊಳ್ಳುವ ಕೆಲಸ) ಹಲವು ನಿಮಿಷ ಕಪ್ಪು ಪರದೆ ಇರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಹದಿನೈದು ನಿಮಿಷ ಬಿಟ್ಟು ನೋಡಿ.

ಸಿಪಿಯು ದೀಪ ನಿಂತರೆ ಬಯೋಸ್ ಆವೃತ್ತಿ ನೋಡಬೇಕು. ಉದಾಹರಣೆಗೆ, ಎಎಂಡಿ ಪ್ರೊಸೆಸರಿನ ಬಿ450 ಬೋರ್ಡ್‌ಗಳು ಬಂದದ್ದು 2018ರಲ್ಲಿ, ಎಎಂಡಿಯ ರೈಜೆನ್ 5000 ಪ್ರೊಸೆಸರ್ ಸರಣಿ 2020ರ ನವೆಂಬರಿನಲ್ಲಿ. ಹಳೆಯ ಬಯೋಸ್ ಇರುವ ಬೋರ್ಡಿಗೆ ಆ ಸರಣಿಯ 5600 ಹಾಕಿದರೆ ಫ್ಯಾನ್ ತಿರುಗುತ್ತದೆ, ಅಷ್ಟೇ. ಹಳೆಯ ಪ್ರೊಸೆಸರ್ ವಾಪಸ್ ಹಾಕಿ ಬಯೋಸ್ ಅಪ್‌ಡೇಟ್ ಮಾಡಿ. ಬೋರ್ಡಿಗೆ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರೇ ಬೇಡ: ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮ್ಯಾನುಯಲ್ಲಿನಲ್ಲಿ ಹೇಳಿದ ಹೆಸರನ್ನೇ ಫೈಲಿಗೆ ಇಟ್ಟು, ಗುರುತು ಮಾಡಿದ ಪೋರ್ಟಿಗೆ ಸಿಕ್ಕಿಸಿ ಬಟನ್ ಒತ್ತಿ. ದೀಪ ಮಿನುಗುವುದು ನಿಲ್ಲುವ ತನಕ ಕರೆಂಟ್ ಹೋಗಕೂಡದು, ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ವಿಜಿಎ ದೀಪವಾದರೆ ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿ ಕಾದರೆ ಏನೂ ಬಾರದು.

ಇಷ್ಟಕ್ಕೂ ಜಗ್ಗದಿದ್ದರೆ ಸಿಮೋಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಜಾಗ) ಕ್ಲಿಯರ್ ಮಾಡಿ. ಪ್ಲಗ್ ಕಿತ್ತು, ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಡಿ. ಇದರಿಂದ ಎಕ್ಸ್‌ಎಂಪಿ (ರ್ಯಾಮ್ ವೇಗದ ಸೆಟ್ಟಿಂಗ್) ಜೊತೆಗೆ ಉಳಿದ ಸೆಟ್ಟಿಂಗ್‌ಗಳೂ ಹೋಗುತ್ತವೆ ಎಂಬುದನ್ನು ಜನ ಮರೆಯುತ್ತಾರೆ. ಆಮೇಲೆ ಡಿಸ್‌ಪ್ಲೇ ಬಂದರೂ ವಿಂಡೋಸ್ ಏಳದೆ ಹೋದಾಗ ಡಿಸ್ಕ್ ಸತ್ತಿತು ಅಂದುಕೊಳ್ಳುತ್ತಾರೆ. ಎಂಬಿಆರ್ (ಹಳೆಯ ವಿಭಜನೆ ಕ್ರಮದ) ಡಿಸ್ಕಾಗಿದ್ದರೆ ಬಯೋಸಿನಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಲು ಬಿಡುವ ಸೆಟ್ಟಿಂಗ್) ಮತ್ತೆ ಆನ್ ಮಾಡಿ. ನೀಲಿ ಪರದೆಯಲ್ಲಿ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂದರೆ ಬಯೋಸಿನಲ್ಲಿ ಡಿಸ್ಕ್ ನಡೆಸುವ ಮೋಡ್‌ಗಳಾದ ಎಎಚ್‌ಸಿಐ, ರೇಡ್, ವಿಎಂಡಿ ಇವುಗಳಲ್ಲಿ ಮೊದಲು ಯಾವುದಿತ್ತೋ ಅದಕ್ಕೇ ಹಿಂತಿರುಗಿಸಿ. ಹೊಸ ಎಂ.2 ಡ್ರೈವ್ (ಬೋರ್ಡಿನ ಮೇಲೇ ಕೂರುವಂಥದು) ಹಾಕಿದ ಮೇಲೆ ಹಳೆಯ ಸಾಟಾ ಡಿಸ್ಕ್ (ಕೇಬಲ್ಲಿನಿಂದ ಜೋಡಿಸುವಂಥದು) ಕಾಣೆಯಾದರೆ ಅದನ್ನು ಬೇರೆ ಪೋರ್ಟಿಗೆ ಬದಲಿಸಿ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾನಾಗಿಯೇ ಬಂದ್.

ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದವರು ಮಾತ್ರ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದರೆ ವಿಂಡೋಸ್ ಅದನ್ನು ಕೇಳುವುದು ಹೆಚ್ಚುಕಮ್ಮಿ ಖಚಿತ.